ಎರಡು ಹನಿ ಹಾಲಿನ ಲೆಕ್ಕ

ನವೆಂಬರ್ 10, ಸೋಮವಾರ

ದೀಪಾವಳಿ ಸೂಟಿ ಮುಗೀತು, ಇವತ್ತಿಂದ ಸಾಲಿ. ಹತ್ತನೇ ಇಯತ್ತೆಗೆ ಗುರುತ್ವಾಕರ್ಷಣದ ಪಾಠ ಮತ್ತೊಮ್ಮೆ ಹೇಳಿದ್ನಿ. ಜಗತ್ತಿನಾಗ ಪ್ರತಿಯೊಂದು ವಸ್ತು ಪ್ರತಿಯೊಂದು ವಸ್ತುವನ್ನ ತನ್ನ ಕಡೆ ಎಳಿತೈತಿ. ದ್ರವ್ಯರಾಶಿ ದುಪ್ಪಟ್ಟಾದ್ರ ಎಳೆತ ದುಪ್ಪಟ್ಟು. ದೂರ ದುಪ್ಪಟ್ಟಾದ್ರ ಎಳೆತ ಅರ್ಧ ಅಲ್ಲ, ಕಾಲು ಭಾಗ. ಒಂಬತ್ತು ವರ್ಷದಿಂದ ನಾ ಇದನ್ನ ಹೇಳಾಕತ್ತೇನಿ, ಒಂಬತ್ತು ವರ್ಷದಿಂದ ಹುಡುಗೂರು ಆಕಳಿಸಾಕತ್ತಾವು. ತಪ್ಪು ಹುಡುಗೂರದಲ್ಲ. ನನಗೂ ಈ ನಿಯಮ ಖರೇ ತಿಳದದ್ದು ಇವತ್ತ ಸಂಜಿಕೆ, ಸಾಲಿ ನಡಸೋ ಸಂಸ್ಥೆಯ ಮೀಟಿಂಗಿನ್ಯಾಗ.

ಮಾನ್ಯ ಶ್ರೀ ದಾದಾಸಾಹೇಬರು ನಡುವಿನ ದೊಡ್ಡ ಕುರ್ಚಿ ಮ್ಯಾಲೆ ಕೂತಿದ್ರು. ಮಹಾರಾಷ್ಟ್ರದಾಗಿನ ಈ ಗಡಿ ಊರ ನಮ್ಮ ಕನ್ನಡ ಹೈಸ್ಕೂಲಿಗೆ ಅವರೇ ಚೇರಮನ್, ಊರ ಹಾಲಿನ ಸಂಸ್ಥೆಗೂ ಅವರೇ, ಸ್ಮಶಾನ ಸುಧಾರಣಾ ಕಮಿಟಿಗೂ ಅವರೇ. ಮನಷ್ಯಾ ಹುಟ್ಟಿದ ಮ್ಯಾಲೆ ಹಾಲು, ಆಮ್ಯಾಲೆ ಸಾಲಿ, ಕಡೀಕ ಕಟ್ಟಿಗಿ, ಎಲ್ಲಾಕ್ಕೂ ಅವರ ಸಹಿ ಬೇಕು. ತೂಕ ನೂರಾ ಹತ್ತು ಕಿಲೋ. ಅವರ ಬಾಜೂಕ ಭೂಪಾಲ, ಅವರ ತಂಗಿ ಮಗ, ಹಾಲಿನ ಸಂಸ್ಥೆಯ ಸೆಕ್ರೆಟರಿ. ನನ್ನ ಕುರ್ಚಿ ಏಳನೇದು. ಏಳೇಳ್ಲೆ ನಲವತ್ತೊಂಬತ್ತು. ಅಂದ್ರ ಭೂಪಾಲನ ಮ್ಯಾಲೆ ಅವರ ಎಳೆತ ಒಂದು ಇದ್ರ, ನನ್ನ ಮ್ಯಾಲೆ ನಲವತ್ತೊಂಬತ್ತರಾಗ ಒಂದು ಪಾಲು!

ನಾ ತಾಸಿನ ಮಾಸ್ತರ. ತಾಸು ಇದ್ದಾಗ ಮಾಸ್ತರ, ಗಂಟಿ ಬಾರಿಸಿದ ಮ್ಯಾಲೆ ಯಾರೂ ಅಲ್ಲ. ನನ್ನನ್ನ ಪರ್ಮನಂಟ ಮಾಡೋ ಪ್ರಸ್ತಾವ ನಾಕು ವರ್ಷದಿಂದ ಅವರ ಕಪಾಟಿನ್ಯಾಗ ಮಲಗೇತಿ. ಅವರ ಸಹಿ ಬಿದ್ರ ಕೊಲ್ಲಾಪೂರದ ಶಿಕ್ಷಣ ಕಚೇರಿಗೆ ಹೋಗತೈತಿ. ಯಾಕ ಬಿದ್ದಿಲ್ಲ? ಬಿ.ಎಸ್ಸಿ., ಬಿ.ಎಡ್. ಆಗೇತಿ, ನನ್ನಾಗ ಏನೂ ಕಡಿಮಿ ಇಲ್ಲ. ಹೆಚ್ಚಿಗಿರೂದು ದೂರ. ಕುರ್ಚಿ ಹತ್ತರ ಸರಸಬೇಕು.

ಹೆಂಡ್ತಿ ಸಾರಿಕಾಗ ಇದನ್ನ ಹೇಳಿಲ್ಲ, ನಗತಾಳ. ಈ ವಹಿ ಅಕಿ ಕೈಗೆ ಸಿಗಬಾರದು. ಹಿಟ್ಟಿನ ಡಬ್ಬಿ ಹಿಂದ ಇಡತೇನಿ.

ನವೆಂಬರ್ 12, ಬುಧವಾರ

ಅವ್ವ ಹಾಲು ಹಾಕಿ ಬಂದು ಖಾಲಿ ಕ್ಯಾನ್ ಧಪ್ಪಂತ ಇಟ್ಲು. "ಲೇ ಯಲ್ಯಾ, ಮನ್ಯಾಗ ಐದು ಕಿಲೋ ಇದ್ದ ಹಾಲು ಗುಡ್ಡ ಹತ್ತಿದ್ರ ಪಾವ ಕಿಲೋ ಕಡಿಮಿ. ದಾರ್ಯಾಗ ಯಾಂವ ಕುಡದಾನೋ?"

ದೀಪಾವಳಿ ಪಾಡ್ಯಾ ತನಕ ಹಾಲಿನ ಸಂಸ್ಥೆ ಮಾರುತಿ ಗುಡಿ ಬಾಜೂಕ ಇತ್ತು. ಪಾಡ್ಯಾದ ದಿನ ಗುಡ್ಡದ ಮ್ಯಾಲಿನ ಹೊಸಾ ಇಮಾರತಿಗೆ ಹೋತು. ಜಾಗಾ ಮಾನ್ಯ ಶ್ರೀ ದಾದಾಸಾಹೇಬರದು. ಗುಡ್ಡಾ ಊರಿಂದ ಇನ್ನೂರು ಫೂಟ ಎತ್ತರ, ಬಾಡಿಗಿ ಅದಕ್ಕಿಂತ ಎತ್ತರ ಅಂತ ಮಂದಿ ಅಂತಾರ, ಮಂದಿ ಏನರ ಅಂತಾರ ಬಿಡು. ಇಚಲಕರಂಜಿಯಿಂದ ಕೆಂಪು ಅಂಕಿ ತೋರಸೋ ಇಲೆಕ್ಟ್ರಾನಿಕ ಕಾಟಾ ತಂದಾರ. ಅವತ್ತಿಂದ ಎಲ್ಲಾರ ಕ್ಯಾನಿನ್ಯಾಗೂ ಇಪ್ಪತ್ತರಾಗ ಒಂದು ಪಾಲು ಹಾಲು ಮಾಯ.

ಅವ್ವನ ತಕ್ಕಡಿ ಅಂದ್ರ ಅಪ್ಪ ಕುರಿ ಉಣ್ಣೆ ತೂಗತಿದ್ದದ್ದು, ಇನ್ನೂ ಪಡಸಾಲಿ ತೊಲಿಗೆ ಜೋತಾಡಾಕತ್ತೇತಿ. ಅಪ್ಪ ಕುರಿ ಕಾಯತಿದ್ದ. ನಮ್ಮ ಮಂದ್ಯಾಗ ಒಂದು ಪದ್ಧತಿ ಐತಿ: ತಕ್ಕಡಿ ಹಿಡದಾಂವ ಎಡಗೈ ಬೆನ್ನ ಹಿಂದ ಇಟ್ಟು ನಿಲ್ಲಬೇಕು, ಎಲ್ಲಾರಿಗೂ ಕಾಣೂವಂಗ. ಒಂದು ಉಗುರು ತಾಕಿದ್ರೂ ಕುರಿ ಶಾಪ ಹಾಕತೈತಿ ಅಂತಿದ್ದ.

"ಅವ್ವಾ, ಅದು ತುಕ್ಕ ಹಿಡದ ತಕ್ಕಡಿ. ಇಲೆಕ್ಟ್ರಾನಿಕ ಕಾಟಾ ಸುಳ್ಳ ಹೇಳೂದಿಲ್ಲ" ಅಂದ್ನಿ.

"ಅದು ಹೇಳೂದಿಲ್ಲೋ ಯಪ್ಪಾ, ಹೇಳಸ್ತಾರ."

ಓದು ಬರದ ಅಡಾಣಿ ಮಂದಿ ಜೋಡಿ ಏನ್ ವಾದಾ ಮಾಡೂದು!

ನವೆಂಬರ್ 16, ರವಿವಾರ

ಮಾನ್ಯ ಶ್ರೀ ದಾದಾಸಾಹೇಬರು ಬಂಗಲೇಕ ಕರಿಸಿದ್ರು! "ಯಾ ಮಾಸ್ತರ, ಬಸಾ" ಅಂದ್ರು ಮರಾಠಿಯಾಗ, ಬರ್ರಿ, ಕೂಡ್ರಿ ಅಂತ. ಖುಷಿ ಇದ್ದಾಗ ಅವರು ನಡು ನಡುವ ಮರಾಠಿ ಮಾತಾಡತಾರ, ಸಿಟ್ಟ ಬಂದ್ರ ಬರೇ ಕನ್ನಡ. ತೋರಿಸಿದ ಕುರ್ಚಿ ಎರಡನೇದು. ಏಳರಿಂದ ಎರಡಕ್ಕ! ಎಳೆತ ಹನ್ನೆರಡು ಪಟ್ಟು ಹೆಚ್ಚಾತು, ನನ್ನ ಎದಿಗೆ ಗೊತ್ತಾತು.

"ಮಾಸ್ತರ, ಎತ್ತರಕ್ಕ ಹೋದಂಗ ವಸ್ತುವಿನ ತೂಕ ಕಡಿಮಿ ಆಗತೈತೋ ಇಲ್ಲೋ? ಭೂಪಾಲ ಮೊಬೈಲಿನ್ಯಾಗ ಓದ್ಯಾನ."

"ಆಗತೈತ್ರಿ. ಭೂಮಿ ನಡುವಿನಿಂದ ದೂರ ಹೋದಷ್ಟು ಎಳೆತ ಕಡಿಮಿರಿ. ಆದ್ರ..."

"ಆದ್ರ ಅನಬ್ಯಾಡ್ರಿ. ಆದ್ರ ಅನ್ನಾವ್ರು ವಿರೋಧ ಪಾರ್ಟಿಯವರು."

ಹಾಲು ಹಾಕೋ ಹೆಣ್ಣಮಕ್ಕಳು ಕಾಟಾ ಖೊಟ್ಟಿ ಅಂತ ಗದ್ದಲಾ ಎಬ್ಬಿಸ್ಯಾರಂತ. ಪಾಪ, ವಿಜ್ಞಾನ ಗೊತ್ತಿಲ್ಲ ಅವರಿಗೆ. ನಾ ಹೋಗಿ ತಿಳಿಸಿ ಹೇಳಬೇಕು. "ಆಣಿ ತುಮಚಂ ಕಾಮ? ಝಾಲಂಚ ಸಮಜಾ!" ಅಂದ್ರು. ನಿಮ್ಮ ಕೆಲಸಾ ಆದಂಗ ತಿಳಕೋರಿ ಅಂತ! ನಾಕು ವರ್ಷದಾಗ ಮೊದಲ ಸಲ.

ಮನಿಗೆ ಬರೂತನಕ ಆ 'ಆದ್ರ' ಗಂಟಲಾಗ ಸಿಕ್ಕೊಂಡಿತ್ತು. ಚಹಾ ಕುಡದ ಮ್ಯಾಲೆ ಇಳೀತು.

ನವೆಂಬರ್ 18, ಮಂಗಳವಾರ

ಭಾಷಣ ಆತು. ಸಂಜಿ ಹಾಲಿನ ಹೊತ್ತಿಗೆ ಗುಡ್ಡದ ಮ್ಯಾಲೆ ಹೆಣ್ಣಮಕ್ಕಳು ಕ್ಯಾನು ಹಿಡಕೊಂಡು ಸಾಲು ಹಚ್ಚಿದ್ರು. ಸಾಲಿಯ ಕರೇ ಹಲಗಿ ತರಿಸಿದ್ನಿ. ಭೂಮಿ ಅಂತ ಒಂದು ಗುಂಡ ತಗದು ಅದರ ನೆತ್ತಿ ಮ್ಯಾಲೆ ನಮ್ಮ ಗುಡ್ಡ ತಗದ್ನಿ. ಆ ಗುಡ್ಡಾ ಭೂಮಿಯ ಕಾಲು ಭಾಗದಷ್ಟು ಆತು. ಇರಲಿ, ಹಿಂದ ನಿಂತವರಿಗೂ ಕಾಣಬೇಕಲ್ಲ.

ಸಾಲಿನ ಮುಂದ ರತ್ನಮಾಲಕ್ಕ ಇದ್ಲು. ಜೈನರ ಮನಿ ಹೆಣ್ಣಮಗಳು, ನಾಕು ಎಮ್ಮಿ ಕಟ್ಟ್ಯಾಳ. ಅವರ ಮನ್ಯಾಗ ಹೊತ್ತು ಮುಳುಗೂದ್ರಾಗ ಎಲ್ಲಾರ ಊಟ ಮುಗದು ಒಲಿ ಆರಬೇಕು. "ಮಾಸ್ತರ, ನಿಮ್ಮ ಭೂಮಿ ಮುಗಿಯೂತನಕ ಸೂರ್ಯಾಗ ಒಂದೀಟು ನಿಲ್ಲಂತ ಹೇಳ್ರಿ" ಅಂದ್ಲು. ಎಲ್ಲಾರೂ ನಕ್ಕರು. ನಾ ವಿಚಲಿತ ಆಗಲಿಲ್ಲ.

"ಎಷ್ಟು ಕಡಿಮಿ ಆಗತೈತ್ರಿ?" ಅಂತ ಹಿಂದಿಂದ ಯಾರೋ ಕೇಳಿದ್ರು.

"ನಿಯಮದ ಪ್ರಕಾರ ಎಷ್ಟು ಆಗಬೇಕೋ ಅಷ್ಟು" ಅಂದ್ನಿ.

ನಾ ಒಂದೂ ಸುಳ್ಳ ಹೇಳಿಲ್ಲ. ಎತ್ತರಕ್ಕ ಹೋದ್ರ ತೂಕ ಕಡಿಮಿ ಆಗೂದು ಖರೇ. ಎಷ್ಟು ಅಂತ ನಾ ಹೇಳಿಲ್ಲ, ಹೇಳದ ಮಾತು ಸುಳ್ಳ ಹೆಂಗ ಆಗತೈತಿ? ಭೂಪಾಲ ಕೂಡ್ಲೇ ಬೋರ್ಡ ಬರಸಿ ಕಾಟಾದ ಮ್ಯಾಲೆ ತೂಗ ಹಾಕ್ಯಾನ. 'ಎತ್ತರದಲ್ಲಿ ಹಾಲು ಹಗುರಾಗುವುದು ನಿಸರ್ಗ ನಿಯಮ. ವಾದ ಮಾಡಬಾರದು.' ಕೆಳಗ ನನ್ನ ಹೆಸರು, ಬಿ.ಎಸ್ಸಿ., ಬಿ.ಎಡ್. ಬೋರ್ಡಿನ ಮ್ಯಾಲೆ ನನ್ನ ಹೆಸರು ಬಂದದ್ದು ಇದ ಮೊದಲ.

ಅವ್ವನೂ ಸಾಲಿನ್ಯಾಗ ಇದ್ಲು. ನಾ ಅಕಿ ಕಡೆ ನೋಡಲಿಲ್ಲ. ಗುಡ್ಡ ಇಳದು ಬರೂಮುಂದ ಇಬ್ಬರೂ ಕೂಡೇ ಬಂದ್ವಿ. ಅಕಿ ಖಾಲಿ ಕ್ಯಾನು ನನ್ನ ಕೈಗೆ ಕೊಡಲಿಲ್ಲ, ತಾನ ಹೊತ್ಲು.

ನವೆಂಬರ್ 20, ಗುರುವಾರ

ಮುಂಜಾನೆ ಅವ್ವ ಕಪ್ಪು ಮುಂದಿಟ್ಟು "ಮಾಸ್ತರ, ಚಹಾ ತಗೋರಿ" ಅಂದ್ಲು. ಚೇಷ್ಟಿ ಮಾಡತಾಳ ಅಂತ ನಕ್ಕೆ. ಅಕಿ ನಗಲಿಲ್ಲ.

ನವೆಂಬರ್ 24, ಸೋಮವಾರ

ಸಾಲಿ ಗೇಟಿನ್ಯಾಗ ರತ್ನಮಾಲಕ್ಕ ಅಡ್ಡ ನಿಂತ್ಲು. ಹಾಲಿನ ಸಂಸ್ಥೆಯೊಳಗ ಎಮ್ಮಿಗೆ ಹಾಕೋ ಹಿಂಡೀನೂ ತೂಗಿ ಮಾರತಾರ, ಅದಕ್ಕ ಬ್ಯಾರೆ ಕಾಟಾ. ಅಕಿ ಇಪ್ಪತ್ತು ಕಿಲೋ ಹಿಂಡಿ ಒಯ್ದು ಮನ್ಯಾಗ ತೂಗಿದ್ರ ಹತ್ತೊಂಬತ್ತು ಬಂತಂತ.

"ಯಲ್ಲೇಶ ಮಾಸ್ತರ, ಗುಡ್ಡದ ಮ್ಯಾಲೆ ಹಾಲು ಹಗರ ಆಗತೈತಿ, ಹಿಂಡಿ ವಜ್ಜಾ ಆಗತೈತಿ. ನಿಮ್ಮ ಭೂಮಿಗೆ ಕೊಡೂದು ಯಾವದು, ತಗೊಳ್ಳೂದು ಯಾವದು ಅಂತ ಹೆಂಗ ಗೊತ್ತಾಗತೈತ್ರಿ?"

"ಹಿಂಡಿ ಹಸಿ ಇರಬೇಕು. ದಾರ್ಯಾಗ ಒಣಗೇತಿ" ಅಂದ್ನಿ.

"ಒಂದು ಕಿಲೋ ಒಣಗಾಕ ನಾ ಏನ್ ರಾಜಸ್ಥಾನದ ಬಿಸಲಾಗ ಹಾಸಿ ಬಂದೆನೇನ್ರಿ?"

ದಾದಾಸಾಹೇಬರಿಗೆ ಈ ಮಾತು ಹೇಳೂಣಂತ ಹೋದ್ನಿ. ಭೂಪಾಲ ನಡುವ ಬಾಯಿ ಹಾಕಿ, "ಹಿಂಡಿಗೆ ಗುಡ್ಡ ರೂಢಿ ಆಗೇತ್ರಿ ಮಾಸ್ತರ, ಗ್ವಾಡಾವ್ನಿನ್ಯಾಗ ಅಲ್ಲೇ ಇರತೈತಿ. ಹಾಲು ದಿನಾ ಹೊಸಾದು" ಅಂದ. ಒಂಬತ್ತು ವರ್ಷ ವಿಜ್ಞಾನ ಕಲಿಸಿದ ನಾ, ಆ ಮಾತಿಗೆ ತಲಿ ಅಲ್ಲಾಡಿಸಿದ್ನಿ.

ನವೆಂಬರ್ 28, ಶುಕ್ರವಾರ

ದಾದಾಸಾಹೇಬರ ಗಾಡ್ಯಾಗ ಕೊಲ್ಲಾಪೂರಕ್ಕ ಹೋಗಿ ಬಂದ್ನಿ. ಬರೂ ಹದಿನಾಕನೇ ತಾರೀಖಿಗೆ ಅವರ ವಾಢದಿವಸ, ಅಂದ್ರ ಹುಟ್ಟಿದ ದಿನ. ಕಾರ್ಯಕರ್ತರು ಬೆಲ್ಲದ ತುಲಾ ಮಾಡತಾರ, ಅಂದ್ರ 'ಸಾಹೇಬರ ತೂಕದಷ್ಟು ಬೆಲ್ಲ' ಊರಿಗೆ ಹಂಚತಾರ. ಪ್ಯಾಟಿಯಾಗ ಹನ್ನೊಂದು ಪೆಂಟಿ ಬೆಲ್ಲ ತಗೊಂಡ್ವಿ. ನಾನ ನಿಂತು ತೂಗಿಸಿದ್ನಿ. ಪ್ರತಿ ಪೆಂಟಿ ಹತ್ತು ಕಿಲೋ, ಪ್ರತಿ ಪೆಂಟಿಗೆ ಚೀಟಿ. ಭಾಳ ಶಿಸ್ತಿನ ಕೆಲಸಾ ಆತು.

ಗಾಡ್ಯಾಗ ನಾ ಅವರ ಬಾಜೂಕ. ನಡುವ ಕುರ್ಚಿ ಇಲ್ಲ, ಗೇಣು ಜಾಗಾ ಇಲ್ಲ. ಸೂತ್ರದಾಗ ದೂರ ಶೂನ್ಯ ಇಟ್ರ ಎಳೆತಕ್ಕ ಲೆಕ್ಕನ ಇಲ್ಲ. ಶೂನ್ಯದಿಂದ ಭಾಗಿಸಬಾರದು ಅಂತ ಹುಡುಗೂರಿಗೆ ನಾನ ಬಡದು ಹೇಳತೇನಿ, ಯಾಕ ಅಂತ ಇವತ್ತ ತಿಳೀತು. ತಿರುಗಿ ಬರೂಮುಂದ ಗೋಕುಳ ಶಿರಗಾಂವ ದಾಟೂದ್ರಾಗ ಸಾಹೇಬರಿಗೆ ನಿದ್ದಿ ಹತ್ತಿ, ತಲಿ ನನ್ನ ಭುಜದ ಮ್ಯಾಲೆ ಬಿತ್ತು. ಗಡಹಿಂಗ್ಲಜ ಬರೂತನಕ ತಗೀಲಿಲ್ಲ. ನಾ ಕೆಮ್ಮಲಿಲ್ಲ. ಬಾಗಿಲಿಗೆ ಒರಗಿ ಒಂದು ಕಾಲು ಎತ್ತಿ ಕೂತಿದ್ನಿ. ಈಗ ಬರಿಯಾಕ ಭುಜ ಏಳವಲ್ದು.

ಪ್ರಸ್ತಾವಕ್ಕ ಸಹಿ? "ವಾಢದಿವಸಾಲಾ, ಸ್ಟೇಜವರ" ಅಂದ್ರು. ವಾಢದಿವಸದ ದಿನ, ಸ್ಟೇಜ ಮ್ಯಾಲೆ, ಎಲ್ಲಾರ ಮುಂದ. ಅದಕ್ಕೂ ಮೊದಲು ನಾ ಮತ್ತೊಮ್ಮೆ ಗುರುತ್ವಾಕರ್ಷಣದ ಬಗ್ಗೆ ನಾಕು ಮಾತು ಹೇಳಬೇಕಂತ.

ಡಿಸೆಂಬರ್ 3, ಬುಧವಾರ

ಮಧ್ಯಾಹ್ನ ತಾಸು ಇರಲಿಲ್ಲ. ಪ್ರಯೋಗಶಾಲೆಯಾಗ ಒಬ್ಬನ ಕೂತು ಲೆಕ್ಕ ಮಾಡಿದ್ನಿ. ಸುಮ್ನ, ಹೊತ್ತು ಹೋಗಲಿ ಅಂತ.

ಭೂಮಿ ನಡುವಿನಿಂದ ನಮ್ಮೂರಿಗೆ ಆರು ಸಾವಿರದ ಮುನ್ನೂರಾ ಎಪ್ಪತ್ತು ಕಿಲೋಮೀಟರ್. ಗುಡ್ಡ ಹತ್ತಿದ್ರ ಅದಕ್ಕ ಅರವತ್ತು ಮೀಟರ್ ಕೂಡಿತು. ಆನಿ ಬೆನ್ನ ಮ್ಯಾಲೆ ಇರವಿ ಕೂತಂಗ. ಐದು ಕಿಲೋ ಹಾಲಿನ್ಯಾಗ ಕಡಿಮಿ ಆಗೂದು ಒಂದು ಗ್ರಾಮಿನ ಹತ್ತರಾಗ ಒಂದು ಪಾಲು. ಅಂದ್ರ ಎರಡು ಹನಿ. ಮೂರು ಸಲ ಮಾಡಿದ್ನಿ, ಮೂರೂ ಸಲ ಎರಡು ಹನಿ.

ಆಮ್ಯಾಲೆ ತಿರುಗಿಸಿ ಮಾಡಿದ್ನಿ. ಐದು ಕಿಲೋದಾಗ ಪಾವ ಕಿಲೋ ಕಡಿಮಿ ಆಗಬೇಕಂದ್ರ ಕಾಟಾ ಎಷ್ಟು ಎತ್ತರ ಇರಬೇಕು? ನೂರಾ ಅರವತ್ತೈದು ಕಿಲೋಮೀಟರ್. ಇಲ್ಲಿಂದ ಇಚಲಕರಂಜಿಗೆ ಹೋಗಿ ಬರೂದಕ್ಕಿಂತ ದೂರ, ಅದೂ ಸೀದಾ ಮ್ಯಾಲಕ್ಕ. ಅಲ್ಲಿ ಎಮ್ಮಿ ಬದುಕೂದಿಲ್ಲ, ಸೆಕ್ರೆಟರೀನೂ ಬದುಕೂದಿಲ್ಲ.

ಹಾಳಿ ಹರದು ಒಗದ್ನಿ. ಸಂಜಿಕೆ ಪ್ರಯೋಗಶಾಲೆಯ ಹನಿ ನಳಗಿ ಮನಿಗೆ ತಂದು, ಅವ್ವ ಹಿಂಡಿದ ಹಾಲಿನ್ಯಾಗ ಅದ್ದಿ, ಅಂಗೈ ಮ್ಯಾಲೆ ಎರಡು ಹನಿ ಬಿಟ್ಟು ನೋಡಿದ್ನಿ. ನೆಕ್ಕಿದ್ನಿ. ನಾಲಿಗಿಗೆ ರುಚಿ ಸುದ್ದಾ ಹತ್ತಲಿಲ್ಲ.

ಅವ್ವ ನೋಡಿದ್ಲು. "ಹಸಿವ್ಯಾಗೇತೇನ್ರಿ ಮಾಸ್ತರ?" ಅಂದ್ಲು.

ಡಿಸೆಂಬರ್ 9, ಮಂಗಳವಾರ

ಅವ್ವ ಈಗ ನನಗ ಮೊದಲು ತಾಟು ಬಡಸತಾಳ. ನಾ ಬಂದ್ರ ಕಟ್ಟಿಯಿಂದ ಎದ್ದು ನಿಲ್ಲತಾಳ. ಬಾಜೂ ಮನಿಯವರಿಗೆ "ಮಾಸ್ತರು ಈಗರ ಬಂದಾರ, ಉಣ್ಣಾಕ ಕೂತಾರ" ಅಂತಾಳ. ನಾ ಐದು ವರ್ಷದಾಂವ ಇದ್ದಾಗ ಇದ ಬಾಯಿಲೆ "ಮೂಳಾ" ಅಂದು ಚಪ್ಲಿ ತಗೊಂಡು ಬೆನ್ನ ಹತ್ತತಿದ್ಲು. ಆ ಚಪ್ಲಿ ಎಷ್ಟು ಹತ್ತರ ಇತ್ತು!

ಸಿಟ್ಟ ಬಂದು ಸಾರಿಕಾನ ಮುಂದ ಕೂಗ್ಯಾಡಿದ್ನಿ. ಅಕಿ ಹಿಟ್ಟ ನಾದಾಕತ್ತಿದ್ಲು. "ದಾದಾಸಾಹೇಬನಿಂದ ಎಷ್ಟು ಕುರ್ಚಿ ದೂರ ಅದೀನಿ ಅಂತ ಬರಕೊಂಡೀರಿ. ಅತ್ತಿಯಿಂದ ಎಷ್ಟು ಕುರ್ಚಿ ದೂರ ಆದ್ರಿ, ಅದನೂ ಬರಕೋರಿ ನಿಮ್ಮ ವಹ್ಯಾಗ" ಅಂದ್ಲು.

ವಹಿ ಓದ್ಯಾಳ! ಹಿಟ್ಟಿನ ಡಬ್ಬಿ ಹಿಂದ ಇಟ್ರ ಹಿಟ್ಟ ತಗಿಯೂವರ ಕೈಗೆ ಸಿಗತೈತಿ ಅಂತ ಬಿ.ಎಸ್ಸಿ. ಓದಿದವಗ ತಿಳೀಲಿಲ್ಲ.

ನಾ ತಪ್ಪು ಮಾಡೇನಿ ಅಂತ ಅನಸೂದಿಲ್ಲ. ಹದಿನಾಕನೇ ತಾರೀಖು ಒಂದು ಸಹಿ ಬೀಳಲಿ, ಆಮ್ಯಾಲೆ ಎಲ್ಲಾ ಸರಿ ಮಾಡತೇನಿ.

ಡಿಸೆಂಬರ್ 14, ರವಿವಾರ

ನಡದದ್ದು ನಡದಂಗ ಬರೀತೇನಿ. ಸಾರಿಕಾ ಓದಿದ್ರೂ ಓದಲಿ.

ಸಂಜಿ ನಾಕಕ್ಕ, ಹಾಲಿನ ಹೊತ್ತಿಗೂ ಮೊದಲ, ಸಂಸ್ಥೆಯ ಅಂಗಳದಾಗ ಮಂಡಪ. ಗಿರಣಿಯಿಂದ ತಂದ ಎರಡು ಪರಡಿಯ ದೊಡ್ಡ ತಕ್ಕಡಿ ನಡುವ ನಿಲ್ಲಿಸಿ ಹೂವಿನಿಂದ ಸಿಂಗಾರ ಮಾಡಿದ್ರು. ಒಂದು ಪರಡಿಯಾಗ ದಾದಾಸಾಹೇಬ, ಕೊರಳಾಗ ಹಾರ, ತಲಿಗೆ ಫೇಟಾ. ಇನ್ನೊಂದ್ರಾಗ ಹನ್ನೊಂದು ಪೆಂಟಿ ಬೆಲ್ಲ. ದಂಡ ಸರಿಸಮ ನಿಂತಿತು. ಭೂಪಾಲ ಮೈಕಿನ್ಯಾಗ "ನೂರಾ ಹತ್ತು ಕಿಲೋ!" ಅಂತ ಕೂಗಿದಾ. ಪಟಾಕಿ ಹಾರಿದ್ವು. ಗಡಹಿಂಗ್ಲಜದ ಫೋಟೋದವ "ಸಾಹೇಬ, ಹಂಗ ಕೂಡ್ರಿ, ಇನ್ನೊಂದು" ಅಂದ. ಸಾಹೇಬ ಕೂತ. ನನ್ನ ಪ್ರಸ್ತಾವ ಭೂಪಾಲನ ಬಗಲಾಗ, ಪೆನ್ನು ಸಾಹೇಬನ ಕಿಸೇದಾಗ.

"ಮಾಸ್ತರ, ಬೋಲಾ" ಅಂದ ಸಾಹೇಬ ಪರಡಿಯೊಳಗಿಂದನ. ನಾ ಮೈಕ ಹಿಡದ್ನಿ. ಭಾಷಣ ಬಾಯಿಪಾಠ ಇತ್ತು. 'ನಿಸರ್ಗ ನಿಯಮದ ಮುಂದ' ಅನ್ನೂತನಕ ಹೋಗಿದ್ನಿ. ಅಷ್ಟ್ರಾಗ ಕ್ಯಾನು ಹಿಡದು ಕೂತ ಹೆಣ್ಣಮಕ್ಕಳ ನಡುವಿಂದ ಅವ್ವ ಎದ್ದು ನಿಂತ್ಲು. ಸೆರಗು ತಲಿ ಮ್ಯಾಲೆ ಎಳಕೊಂಡ್ಲು.

"ಮಾಸ್ತರ್ರಿ, ಒಂದು ಕೇಳೂದೈತ್ರಿ. ತಪ್ಪ ತಿಳಕೋಬ್ಯಾಡ್ರಿ."

ಐದುನೂರು ಮಂದಿ ಮುಂದ ನನ್ನ ಅವ್ವ ನನಗ ರೀ ಅಂದ್ಲು. ಮೈಕ ಬೆವರಿತು.

"ಈ ಬೆಲ್ಲ ಕೆಳಗ ಪ್ಯಾಟಿಯಾಗ ತೂಗಿದ್ರ ನೂರಾ ಹತ್ತು ಕಿಲೋ, ಚೀಟಿ ಐತ್ರಿ. ಗುಡ್ಡದ ಮ್ಯಾಲೆ ಹಗರ ಆಗತೈತಿ ಅಂದಿದ್ರಿ. ಹಾಲು ಐದು ಕಿಲೋಕ್ಕ ಪಾವ ಕಿಲೋ ಕಡಿಮಿ ಆದ್ರ, ಈ ಬೆಲ್ಲ ಐದೂವರಿ ಕಿಲೋ ಕಡಿಮಿ ಆಗಬೇಕಲ್ರಿ? ನೂರಾ ಹತ್ತ ಬಂತಲ್ರಿ?"

ಭೂಪಾಲ ಮೈಕ ಕಸಗೊಂಡಾ. "ಯಮುನವ್ವಾ, ಎರಡೂ ಕಡೆ ಸಮಾ ಹಗರ ಆಗೇತಿ! ಬೆಲ್ಲಾನೂ ಹಗರ, ಸಾಹೇಬ್ರೂ ಹಗರ. ಅದಕ್ಕ ದಂಡ ಸರಿ ನಿಂತೇತಿ!" ಹುಚ್ಚಪ್ಯಾಲಿ, ಒಂದು ಸಲ ಖರೇ ವಿಜ್ಞಾನ ಹೇಳಿಬಿಟ್ಟ.

"ಹೌದ್ರಿ?" ಅಂದ್ಲು ಅವ್ವ. "ಹಂಗಾದ್ರ ಇವತ್ತಿಂದ ನಮ್ಮ ಹಾಲೂ ಎರಡು ಪರಡಿ ತಕ್ಕಡಿಯಾಗ ತೂಗ್ರಿ. ಹಾಲೂ ಗುಡ್ಡದ ಮ್ಯಾಲೆ, ಕಲ್ಲೂ ಗುಡ್ಡದ ಮ್ಯಾಲೆ. ಇಬ್ಬರೂ ಕೂಡೇ ಹಗರ ಆಗಲಿ."

ಎರಡು ಪರಡಿ ತಕ್ಕಡಿಗೆ ಎತ್ತರದ ಫರಕು ಹತ್ತೂದಿಲ್ಲ ಅಂತ ನಾ ಹುಡುಗೂರಿಗೆ ಹೇಳಾಕ ಅರ್ಧಾ ತಾಸು ತಗೋತೇನಿ. ಅಕಿ ಒಂದ ಮಾತಿನ್ಯಾಗ ಹೇಳಿದ್ಲು. ಸಾಲಿ ಕಟ್ಟಿ ಎಂದೂ ಹತ್ತಲಾರದಾಕಿ.

"ಮಾಸ್ತರ, ಸಮಜಾವೂನ ಸಾಂಗಾ!" ಅಂದ ಸಾಹೇಬ. ತಿಳಿಸಿ ಹೇಳು ಅಂತ. ಪೆನ್ನು ತಗದು ಕೈಯಾಗ ಹಿಡಕೊಂಡಿದ್ದ.

"ಜಾಸ್ತಿ ಬ್ಯಾಡ್ರಿ" ಅಂದ್ಲು ಅವ್ವ. "ನಾವು ಅಡಾಣಿ ಮಂದಿ. ಐದು ಕಿಲೋ ಹಾಲಿಗೆ ಎಷ್ಟು ಕಡಿಮಿ ಆಗತೈತಿ? ಅಷ್ಟ ಹೇಳ್ರಿ ಸಾಕು."

ನಾ ಏನ್ ಧೈರ್ಯಾ ಮಾಡಲಿಲ್ಲ. ಹಂಗ ಯಾರೂ ತಿಳಕೋಬಾರದು. ಪ್ರಶ್ನೆ ಕೇಳಿದ್ರ ಉತ್ತರಾ ಹೇಳೂದು ಒಂಬತ್ತು ವರ್ಷದ ಚಟಾ. ಮೈಕ ಮತ್ತ ನನ್ನ ಕೈಯಾಗ ಬಂದಿತ್ತು.

"ಎರಡು ಹನಿ" ಅಂದ್ನಿ.

ಲೌಡ್ ಸ್ಪೀಕರಿನ ಕರ್ಣಾ ನಾಕೂ ದಿಕ್ಕಿಗೆ ಇತ್ತು. ಎರಡು ಹನಿ, ಎರಡು ಹನಿ ಅಂತ ಗುಡ್ಡಾನ ಒದರಿತು.

ರತ್ನಮಾಲಕ್ಕ ಸೆರಗು ಸಿಕ್ಕಿಸಿ ಎದ್ಲು. ತಕ್ಕಡಿಯಿಂದ ಒಂದು ಪೆಂಟಿ ಎತ್ತಿ ಬಗಲಾಗ ಇಟ್ಟುಕೊಂಡ್ಲು. ಈಚೆ ಹತ್ತು ಕಿಲೋ ಕಡಿಮಿ ಆದದ್ದ ತಡ, ಆಚೆ ಪರಡಿ ಸಾಹೇಬನ ಸಹಿತ ಧಪ್ಪಂತ ನೆಲಕ್ಕ ಕೂತಿತು. ಫೇಟಾ ಕಣ್ಣಿನ ಮ್ಯಾಲೆ ಜಾರಿತು. "ಯಾವಕಿಲೇ ಪೆಂಟಿ ತಗದಾಕಿ!" ಅಂತ ಒದರಿದ. ಕನ್ನಡದಾಗ.

ಅಕಿ ತಿರುಗಿ ನೋಡಲಿಲ್ಲ. ಪೆಂಟಿ ಒಯ್ದು ಹಾಲಿನ ಕಾಟಾದ ಮ್ಯಾಲೆ ಇಟ್ಲು, ನನ್ನ ಹೆಸರಿನ ಬೋರ್ಡಿನ ಕೆಳಗ. ಕೆಂಪು ಅಂಕಿ: ಒಂಬತ್ತೂವರಿ. ಎತ್ತಿ ನಾಕು ಹೆಜ್ಜಿ ನಡದು ಹಿಂಡಿ ಕಾಟಾದ ಮ್ಯಾಲೆ ಇಟ್ಲು: ಹತ್ತೂವರಿ. ಅದ ಪೆಂಟಿ, ಅದ ಗುಡ್ಡ, ಅದ ಸಂಜಿ.

"ಹೊತ್ತು ಮುಳುಗಾಕ ಬಂತವ್ವಾ, ನಾ ಹೊಕ್ಕೇನಿ" ಅಂದು ಕ್ಯಾನು ಎತ್ತಿಕೊಂಡು ಹಾಲು ಹಾಕದನ ಗುಡ್ಡ ಇಳದ್ಲು. ಅಕಿ ಬೆನ್ನ ಹಿಂದನ ಹೆಣ್ಣಮಕ್ಕಳೆಲ್ಲಾ ಇಳದ್ರು. ಅವ್ವನೂ ಇಳದ್ಲು.

ನಾ ಮೈಕ ಹಿಡಕೊಂಡು ನಿಂತಿದ್ನಿ. ನನಗೂ ಆ ಮನಷ್ಯಾಗೂ ನಡುವ ಎಷ್ಟು ದೂರ ಇತ್ತಂತ ನೋಡಲಿಲ್ಲ.

ಡಿಸೆಂಬರ್ 15, ಸೋಮವಾರ

ಹೆಡ್ ಮಾಸ್ತರ ಗೇಟಿನ್ಯಾಗನ ಹೇಳಿದ್ರು, ನಾಳಿಂದ ನನಗ ತಾಸು ಇಲ್ಲ. ಅವರಿಗೂ ಕೆಟ್ಟ ಅನಿಸಿತ್ತು, ಗಂಟಿ ಕಡೆ ನೋಡಕೋತ ಹೇಳಿದ್ರು. ತುಲಾದ ಬೆಲ್ಲ ಮನಿ ಮನಿಗೆ ಹಂಚ್ಯಾರ. ನಮ್ಮ ಮನಿಗೆ ಬಂದ ತುಣುಕು ಕಟ್ಟಿದ ಹಾಳಿ ನನ್ನ ಪ್ರಸ್ತಾವದ ಎರಡನೇ ಪುಟ. ಭೂಪಾಲಗ ಇಷ್ಟು ಬುದ್ಧಿ ಐತಿ ಅಂತ ಗೊತ್ತಿರಲಿಲ್ಲ. ಬೆಲ್ಲ ಮಾತ್ರ ಚಲೋ ಐತಿ.

ರಾತ್ರಿ ಊಟಕ್ಕ ಅವ್ವ "ಮಾಸ್ತರ, ಉಣ್ಣರಿ" ಅಂದ್ಲು. ಇನ್ನೂ ರೀ! ನೌಕರಿ ಹೋತು, ಊರ ಮುಂದ ಖರೇ ಹೇಳೇನಿ, ಇನ್ನೇನ್ ಬೇಕು ಈಕಿಗೆ? ಹಿತ್ತಲಕ್ಕ ಹೋಗಿ ಅತ್ತುಬಿಟ್ನಿ. ಸಾರಿಕಾ ಬಂದು ನೀರು ಕೊಟ್ಲು.

"ಒಂದು ಸಲ ಖರೇ ಹೇಳಿದ ಕೂಡ್ಲೇ ಮಾಸ್ತರ ಹೋಗಿ ಮಗ ಬರತಾನೇನ್ರಿ?" ಅಂದ್ಲು. "ಬರತಾನ, ತಡೀರಿ."

ಡಿಸೆಂಬರ್ 18, ಗುರುವಾರ

ಕಾಟಾ ರಿಪೇರಿ ಆಗೇತಿ ಅಂತ ಭೂಪಾಲ ಡಂಗುರ ಸಾರಿಸ್ಯಾನ. ಒಬ್ಬರೂ ಗುಡ್ಡ ಹತ್ತಿಲ್ಲ. ಬ್ಯಾರೆ ಡೇರಿಯ ಟೆಂಪೋ ಬರೂ ಸೋಮವಾರದಿಂದ ಮಾರುತಿ ಗುಡಿ ಮುಂದ ನಿಲ್ಲತೈತಂತ. ತೂಗಾಕ ಒಬ್ಬ ಮನಷ್ಯಾ ಬೇಕಂತ. ರತ್ನಮಾಲಕ್ಕ ಮನಿಗೆ ಬಂದು ಅವ್ವನ್ನ ಕೇಳಿದ್ಲು, ನನ್ನನ್ನ ಅಲ್ಲ.

"ನನಗ ಗೊತ್ತಿಲ್ಲವ್ವಾ" ಅಂದ್ಲು ಅವ್ವ. "ಮಾಸ್ತರನ್ನ ಕೇಳ್ರಿ."

ಡಿಸೆಂಬರ್ 22, ಸೋಮವಾರ

ಮುಂಜಾನೆ ಆರಕ್ಕ ಮಾರುತಿ ಗುಡಿ ಮುಂದ ಬೇವಿನ ಗಿಡಕ್ಕ ಅಪ್ಪನ ತಕ್ಕಡಿ ಕಟ್ಟಿದ್ವಿ. ತುಕ್ಕ ತಿಕ್ಕಿ ತಗದದ್ದು ಸಾರಿಕಾ. ಥಂಡಿ ಭಾಳ ಇತ್ತು, ಕಬ್ಬಿಣದ ಕಲ್ಲು ಮುಟ್ಟಿದ್ರ ಬೆರಳ ಜುಮ್ಮ ಅನ್ನತಿದ್ವು. ಬಿ.ಎಸ್ಸಿ., ಬಿ.ಎಡ್. ಓದಿದಾಂವ ಕುರಿಗಾರನಂಗ ತಕ್ಕಡಿ ಮುಂದ ನಿಂತೇನಿ, ಅಪ್ಪ ಇದ್ರ ಏನ್ ಅಂತಿದ್ನೋ. ಬಸ್ಸಿಗೆ ನಿಂತ ನನ್ನ ಹತ್ತನೇ ಇಯತ್ತೆಯ ಹುಡುಗೂರು ನೋಡಾಕತ್ತಿದ್ವು. ಈ ಸಲ ಯಾವದೂ ಆಕಳಿಸಲಿಲ್ಲ.

ರತ್ನಮಾಲಕ್ಕಂದು ಹನ್ನೊಂದು ಕಿಲೋ. ಬಾಳಕ್ಕಂದು ನಾಕು. ಐದಾರು ಮಂದಿ ಆದ ಮ್ಯಾಲೆ ಅವ್ವ ಬಂದ್ಲು. ಕ್ಯಾನು ಪರಡಿಯಾಗ ಇಟ್ಟು ಒಂದು ಮಾರು ಹಿಂದ ಸರದು ನಿಂತ್ಲು, ಎಲ್ಲಾರಂಗ. ನಾ ಕಲ್ಲು ಹಾಕಿದ್ನಿ. ಪರಡಿ ಅಲ್ಲಾಡಾಕತ್ತಿತ್ತು, ನಿಲ್ಲಲಿ ಅಂತ ಎಡಗೈ ಮುಂದ ಮಾಡಿದ್ನಿ. ಅಷ್ಟ.

"ಲೇ ಯಲ್ಯಾ! ಎಡಗೈ ಎಲ್ಲೈತೋ ಮೂಳಾ? ಬೆನ್ನ ಹಿಂದ ಇಡು!"

ಸಾಲಿನ್ಯಾಗ ನಿಂತ ಹೆಣ್ಣಮಕ್ಕಳೆಲ್ಲಾ ನಕ್ಕರು. ಹುಡುಗೂರೂ ನಕ್ಕವು. ಮೂವತ್ತೆರಡು ದಿನದ ಮ್ಯಾಲೆ ಲೇ ಅಂದ್ಲು.

ಕೈ ಬೆನ್ನ ಹಿಂದ ಇಟ್ನಿ. ಪರಡಿ ತಾನ ನಿಂತಿತು. ಅವ್ವನ ಹಾಲು ಐದು ಕಿಲೋ. ಗುಡ್ಡದ ಮ್ಯಾಲಿನಕ್ಕಿಂತ ಎರಡು ಹನಿ ತೂಕ ಹೆಚ್ಚು ಇರತೈತಿ, ಎರಡು ಪರಡಿ ತಕ್ಕಡಿ ಅದನ್ನ ತೋರಸೂದಿಲ್ಲ.